ಆಟ ಆಡೋದಾ, ಮೀಟರ್ ನೋಡೋದಾ?

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಗಿತ್ತು. ಕೆಲಸದ ಒತ್ತಡ ಅಂತ ಸುಳ್ಳು ಹೇಳಬಹುದಿತ್ತು, ಆದರೆ ನೀವೆಲ್ಲ ನನ್ನನ್ನ ಚೆನ್ನಾಗಿ ಬಲ್ಲವರು. ನಿಜ ಏನಂದ್ರೆ ಹೊಸ ಮಾನಿಟರ್ ತಗೊಂಡಿದ್ದೆ. 27 ಇಂಚಿನ 4ಕೆ ಮಾನಿಟರ್. ಅದಕ್ಕೆ ತಕ್ಕ ಹಾಗೆ ಹೊಸ ಗ್ರಾಫಿಕ್ಸ್ ಕಾರ್ಡು. ಕಾರ್ಡಿಗೆ ತಕ್ಕ ಹಾಗೆ ಹೊಸ ಪವರ್ ಸಪ್ಲೈ. ಒಟ್ಟು ಎಷ್ಟಾಯ್ತು ಅಂತ ಇಲ್ಲಿ ಬರೆಯಲ್ಲ, ಯಾಕಂದ್ರೆ ನನ್ನವಳೂ ಈ ಬ್ಲಾಗ್ ಓದ್ತಾಳೆ :-)

ಆಮೇಲಿನ ಒಂದು ತಿಂಗಳು ದಿನಾ ರಾತ್ರಿ ಊಟ ಆದಮೇಲೆ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಆಡಿದ್ದು ಮಾತ್ರ ಬಹಳ ಕಡಿಮೆ. ಇದು ನನಗೆ ಗೊತ್ತಾಗಿದ್ದು ಅಕ್ಕನ ಮಗ ಮನೆಗೆ ಬಂದಾಗ. ಅವನಿಗೆ ಹತ್ತೊಂಬತ್ತು ವರ್ಷ, ಇಂಜಿನಿಯರಿಂಗ್ ಓದ್ತಿದ್ದಾನೆ. ಹಿಂದೆ ನಿಂತು ಐದು ನಿಮಿಷ ನೋಡಿದವನು ಕೇಳಿದ:

"ಮಾಮ, ನೀನು ಆಟ ಆಡ್ತಿದೀಯೋ, ಆಟೋದಲ್ಲಿ ಕೂತಿದೀಯೋ?"

ಯಾಕೋ ಅಂದೆ.

"ಮತ್ತೆ? ಕಣ್ಣೆಲ್ಲ ಮೀಟರ್ ಮೇಲೇ ಇದೆಯಲ್ಲ!"

ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಬರ್ತಿದೆ ಅಂತ ತೋರಿಸುವ ಹಸಿರು ಅಂಕಿ ಇರುತ್ತಲ್ಲ, ಅವನು ಹೇಳಿದ್ದು ಅದನ್ನ. ಕುದುರೆ ಕಾಡಿಗೆ ನುಗ್ಗಿದರೆ ಅಂಕಿ ಇಳಿಯುತ್ತೆ, ನನ್ನ ಎದೆ ಧಸಕ್ಕನ್ನುತ್ತೆ. ಬಯಲಿಗೆ ಬಂದರೆ ಏರುತ್ತೆ, ಸಮಾಧಾನ ಆಗುತ್ತೆ. ಥೇಟ್ ಆಟೋ ಮೀಟರ್ ನೋಡ್ತಾ ಕೂತ ಪ್ರಯಾಣಿಕನ ಹಾಗೆ. ದಾರಿಯಲ್ಲಿ ಏನಿತ್ತು ಅಂತ ಕೇಳಿದರೆ ಗೊತ್ತಿಲ್ಲ!

ನಾನು ಆಡ್ತಿದ್ದದ್ದು ದಿ ವಿಚರ್ 3. 2015ರ ಆಟ, ಇವತ್ತಿಗೂ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಮೊದಲ ಸಾಲಿನದ್ದು. ಅಕ್ಕನ ಮಗನೂ ಅದನ್ನೇ ಆಡ್ತಿದ್ದಾನೆ, ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ, 1280×720ರಲ್ಲಿ, ಎಲ್ಲಾ ಸೆಟ್ಟಿಂಗನ್ನೂ ತಳಕ್ಕೆ ಇಳಿಸಿ, 30 ಫ್ರೇಮಿಗೆ ಕಟ್ಟಿಹಾಕಿ. ಅವನು ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದ, "ಮಾಮ, ವೆಲೆನ್‌ನಲ್ಲಿ ಬ್ಲಡಿ ಬ್ಯಾರನ್ ಸಿಗ್ತಾನಲ್ಲ, ಅವನ ವಿಷಯದಲ್ಲಿ ನೀನೇನು ಮಾಡಿದೆ? ನಂಗೆ ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ." ಕುಡುಕ, ಹೆಂಡತಿಗೆ ಹೊಡೆದವನು, ಈಗ ಹೆಂಡತಿ ಮಗಳನ್ನ ಕಳಕೊಂಡು ಅಳ್ತಾ ಕೂತವನು. ಅವನ ಮೇಲೆ ಸಿಟ್ಟು ಮಾಡ್ಕೋಬೇಕೋ, ಅಯ್ಯೋ ಪಾಪ ಅನ್ನಬೇಕೋ ಅಂತ ಹುಡುಗನಿಗೆ ನಿಜವಾದ ಸಂಕಟ.

ನನ್ನ ಹತ್ರ ಉತ್ತರ ಇರಲಿಲ್ಲ. ವೆಲೆನ್‌ಗೆ ನಾನು ಇಪ್ಪತ್ತು ಸಲ ಹೋಗಿದ್ದೆ, ಆದರೆ ಗಾಳಿಗೆ ಮರ ಅಲ್ಲಾಡುವಾಗ 4ಕೆಯಲ್ಲಿ ಎಷ್ಟು ಫ್ರೇಮ್ ಬೀಳುತ್ತೆ ಅಂತ ನೋಡೋದಕ್ಕೆ! ಬ್ಯಾರನ್ ಜೊತೆ ಸರಿಯಾಗಿ ಕೂತು ಮಾತಾಡಿರಲೇ ಇಲ್ಲ. ಅವತ್ತು ಸ್ವಲ್ಪ ನಾಚಿಕೆ ಆಯ್ತು. ಆ ನಾಚಿಕೆಯಿಂದ ಹುಟ್ಟಿದ್ದು ಈ ಬರಹ.

ನನ್ನ ವಾದ ಇಷ್ಟೇ: ಫ್ಯಾಂಟಸಿ ಆರ್‌ಪಿಜಿಗಳ ಮಟ್ಟಿಗೆ ರೆಸಲ್ಯೂಷನ್ ಅನ್ನೋದು ನಾವು ಕೊನೆಗೆ ಕೇಳಬೇಕಾದ ವಿಷಯ, ಆದರೆ ಮೊದಲು ಕೇಳ್ತಿದ್ದೇವೆ. ಅದರ ಬೆಲೆಯನ್ನ ದುಡ್ಡಿನಲ್ಲಿ ಮಾತ್ರ ಅಲ್ಲ, ಖುಷಿಯಲ್ಲೂ ಕಟ್ಟುತ್ತಿದ್ದೇವೆ.

ಆಟಗಳ ಗೀಳು ಇಲ್ಲದ ಗೆಳೆಯರಿಗಾಗಿ ಸ್ವಲ್ಪ ಲೆಕ್ಕ. ಪರದೆ ಅಂದರೆ ಚುಕ್ಕಿಗಳ ರಂಗೋಲಿ. 1998ರಲ್ಲಿ ಬಾಲ್ಡರ್ಸ್ ಗೇಟ್ ಬಂದಾಗ ಅದರ ಪರದೆ 640×480, ಅಂದರೆ 3,07,200 ಚುಕ್ಕಿ. ನಾವು ಮಾಮೂಲಾಗಿ ಫುಲ್ ಎಚ್‌ಡಿ ಅನ್ನುವ 1920×1080ರಲ್ಲಿ 20,73,600. 4ಕೆ ಅಂದರೆ 3840×2160, ಅದರಲ್ಲಿ 82,94,400. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು, ಬಾಲ್ಡರ್ಸ್ ಗೇಟಿನ ಸರಿಯಾಗಿ 27 ಪಟ್ಟು. ಸೆಕೆಂಡಿಗೆ 60 ಸಲ ಈ ರಂಗೋಲಿಯನ್ನ ಅಳಿಸಿ ಹೊಸದಾಗಿ ಬಿಡಿಸಬೇಕು. ಹೆಚ್ಚು ಕಡಿಮೆ 50 ಕೋಟಿ ಚುಕ್ಕಿ, ಒಂದೇ ಸೆಕೆಂಡಿನಲ್ಲಿ! ಒಂದೊಂದು ರಂಗೋಲಿಗೂ ಸಿಗೋದು 16.7 ಮಿಲಿಸೆಕೆಂಡ್ ಮಾತ್ರ. 30 ಫ್ರೇಮ್ ಸಾಕು ಅಂದರೆ 33.3 ಮಿಲಿಸೆಕೆಂಡ್ ಸಿಗುತ್ತೆ.

27 ಪಟ್ಟು ಚುಕ್ಕಿ ಬಂತು, ಸರಿ. ಖುಷಿ 27 ಪಟ್ಟು ಆಯ್ತಾ?

ನನ್ನದೇ ಕತೆ ಹೇಳ್ತೀನಿ. 2006ರಲ್ಲಿ ಆಬ್ಲಿವಿಯನ್ ಬಂತು. ನನ್ನ ಹತ್ರ ಇದ್ದದ್ದು ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಆರಿಸಿ ಜೋಡಿಸಿದ ಡಬ್ಬ, 15 ಇಂಚಿನ ಹೊಟ್ಟೆ ಮಾನಿಟರ್. ಆ ಆಟಕ್ಕೆ ಪಿಕ್ಸೆಲ್ ಶೇಡರ್ 2.0 ಇರುವ ಕಾರ್ಡು ಬೇಕಿತ್ತು, ನನ್ನದರಲ್ಲಿ ಇರಲಿಲ್ಲ. ಆಗ ಇಂಥ ಬಡಪಾಯಿಗಳಿಗಾಗಿಯೇ ಓಲ್ಡ್‌ಬ್ಲಿವಿಯನ್ ಅಂತ ಒಂದು ಮಾಡ್ ಇತ್ತು. ಥಳುಕನ್ನೆಲ್ಲ ಕತ್ತರಿಸಿ ಹಾಕಿ, ಹಳೇ ಕಾರ್ಡಿನಲ್ಲೂ ಆಟವನ್ನ ಓಡಿಸುತ್ತಿತ್ತು. 640×480. ಹುಲ್ಲು ಇಲ್ಲ, ನೆರಳಿಲ್ಲ, ಮುಖಗಳೆಲ್ಲ ಬೇಯಿಸಿದ ಗೆಣಸು.

ಆ ಆಟದ ಶುರುವಿನಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು ಚರಂಡಿಯೊಳಗಿಂದ ಹೊರಗೆ ಬರ್ತೀರಿ. ಕತ್ತಲಿಂದ ಬೆಳಕಿಗೆ. ಎದುರಿಗೆ ಸರೋವರ, ಆಚೆ ದಡದಲ್ಲಿ ಬಿಳಿ ಕಲ್ಲಿನ ಪಾಳು ಕಟ್ಟಡ. ಎಲ್ಲಿಗೆ ಬೇಕಾದರೂ ಹೋಗಬಹುದು. ನಾನು ಅವತ್ತು ಒಂದು ನಿಮಿಷ ಕೈ ಕಟ್ಟಿ ಸುಮ್ಮನೆ ನೋಡ್ತಾ ಕೂತಿದ್ದೆ. ಆ 3 ಲಕ್ಷ ಚುಕ್ಕಿಗಳಲ್ಲಿ ನನಗೆ ಏನೂ ಕಮ್ಮಿ ಅನ್ನಿಸಲಿಲ್ಲ.

ಇದು ಬರೀ ಹಳೇ ನೆನಪಿನ ಮೋಹ ಅಂತೀರಾ? ಇರಬಹುದು. ಅದಕ್ಕೇ ಇನ್ನೊಂದು ಉದಾಹರಣೆ ಕೊಡ್ತೀನಿ. ಆಬ್ಲಿವಿಯನ್‌ಗಿಂತ ಮೊದಲು 2002ರಲ್ಲಿ ಬಂದದ್ದು ಮಾರೋವಿಂಡ್. ಅದರಲ್ಲಿ ದೂರದ್ದೆಲ್ಲ ಮಂಜಿನಲ್ಲಿ ಮುಚ್ಚಿಹೋಗಿರುತ್ತೆ. ಅಂದಿನ ಯಂತ್ರಗಳಿಗೆ ಅದಕ್ಕಿಂತ ದೂರ ಬಿಡಿಸುವ ತಾಕತ್ತು ಇರಲಿಲ್ಲ. ಆದರೆ ಆ ಮಂಜಿನಿಂದಲೇ ವಾರ್ಡನ್‌ಫೆಲ್ ದ್ವೀಪ ಅಗಾಧವಾಗಿ ಕಾಣ್ತಿತ್ತು. ಸೇಡಾ ನೀನ್ ಅನ್ನೋ ಹಳ್ಳಿಯಿಂದ ಬಾಲ್ಮೋರಾ ಪಟ್ಟಣಕ್ಕೆ ನಡೆದು ಹೋಗೋದು ಅಂದರೆ ಯಾತ್ರೆ. ಆಮೇಲೆ ಅಭಿಮಾನಿಗಳು ಗ್ರಾಫಿಕ್ಸ್ ಎಕ್ಸ್‌ಟೆಂಡರ್ ಮಾಡಿದರು, ಮಂಜು ತೆಗೆದು ದೂರದವರೆಗೂ ಸ್ಪಷ್ಟವಾಗಿ ತೋರಿಸುವ ಹಾಗೆ. ಹಾಕಿ ನೋಡಿದೆ. ಅಯ್ಯೋ, ಇಷ್ಟೇನಾ! ಊರುಗಳೆಲ್ಲ ಅಕ್ಕಪಕ್ಕದ ಕೇರಿಗಳ ಹಾಗೆ ಕೂತಿವೆ. ಸ್ಪಷ್ಟತೆ ಹೆಚ್ಚಾಯ್ತು, ಲೋಕ ಚಿಕ್ಕದಾಯ್ತು. ಅವತ್ತೇ ಎಕ್ಸ್‌ಟೆಂಡರ್ ತೆಗೆದುಹಾಕಿದೆ.

ಹಾಗಾದರೆ ಆಟಗಾರನ ಖುಷಿಗೆ ಮುಖ್ಯ ಯಾವುದು? ನಾನು ಬಯಲಾಟ ನೋಡ್ತಾ ಬೆಳೆದವನು, ಅಲ್ಲಿಂದಲೇ ಹೇಳ್ತೀನಿ. ರಂಗಸ್ಥಳದಲ್ಲಿ ಕಾಡೂ ಇಲ್ಲ, ಅರಮನೆಯೂ ಇಲ್ಲ, ಒಂದು ರಥ ಬೇಕು ಅಂದರೆ ಮರದ ಪೀಠ. ವೇಷದ ಬಣ್ಣ ಮಾಸಿದ್ದರೂ ಯಾರೂ ಎದ್ದು ಹೋಗಲ್ಲ. ಆದರೆ ತಾಳ ತಪ್ಪಿದರೆ? ಚೆಂಡೆ ಪೆಟ್ಟು ಒಂದು ಕ್ಷಣ ತಡವಾಗಿ ಬಿದ್ದರೆ? ನಿದ್ದೆಗಣ್ಣಲ್ಲಿ ಇರೋ ಅಜ್ಜನಿಗೂ ಎಚ್ಚರ ಆಗುತ್ತೆ! ಆಟದ ರೆಸಲ್ಯೂಷನ್ ಅಂದರೆ ವೇಷದ ಬಣ್ಣ. ಫ್ರೇಮುಗಳ ನಡಿಗೆ ಅಂದರೆ ತಾಳ.

ಇಲ್ಲೊಂದು ಮೋಸ ಇದೆ. ಮೀಟರ್ ತೋರಿಸೋದು ಸರಾಸರಿಯನ್ನ. ಸೆಕೆಂಡಿಗೆ 60 ಅಂತ ಇದ್ದರೂ ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ, ಕೈಗೆ ಎರಡಕ್ಕೂ ಜರ್ಕ್ ಹೊಡೆಯುತ್ತೆ. ಹೋದ ತಿಂಗಳು ಒಂದು ಹೊಸ ಆಟ ಹಾಕಿದ್ದೆ (ಹೆಸರು ಬೇಡ ಬಿಡಿ). ಹೊಸ ಮಂತ್ರ ಮೊದಲ ಸಲ ಪ್ರಯೋಗಿಸಿದಾಗ ಒಂದು ಜರ್ಕ್. ಹೊಸ ರಾಕ್ಷಸ ಮೊದಲ ಸಲ ಎದುರಾದಾಗ ಇನ್ನೊಂದು. ಆ ಬೆಂಕಿ, ಆ ಹೊಗೆ ಬಿಡಿಸುವ ಶೇಡರ್ ಅನ್ನೋ ಪುಟ್ಟ ಪ್ರೋಗ್ರಾಮುಗಳನ್ನ ಮೊದಲೇ ಸಿದ್ಧ ಮಾಡಿಡದೆ ಬೇಕಾದ ಹೊತ್ತಿನಲ್ಲಿ ಸಿದ್ಧ ಮಾಡ್ಕೊಳ್ಳೋದ್ರಿಂದ ಹೀಗಾಗುತ್ತೆ. ನೆಂಟರು ಎಲೆ ಮುಂದೆ ಕೂತ ಮೇಲೆ ಅಕ್ಕಿ ಆರಿಸೋಕೆ ಶುರು ಮಾಡಿದ ಹಾಗೆ. ಫ್ಯಾಂಟಸಿ ಆಟದ ಜೀವವೇ 'ಮೊದಲ ಸಲ' ಅನ್ನೋ ಬೆರಗು. ಜರ್ಕ್ ಹೊಡೆಯೋದು ಸರಿಯಾಗಿ ಅದೇ ಕ್ಷಣಕ್ಕೆ!

ಇನ್ನೊಂದು ವಿಷಯ. ರೆಸಲ್ಯೂಷನ್ ಇಳಿಸಿದರೆ ಎಲ್ಲಾ ಸರಿಹೋಗುತ್ತೆ ಅನ್ನೋದೂ ತಪ್ಪು. ಚುಕ್ಕಿ ಬಿಡಿಸುವ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಊರಿನ ಜನ ಎಲ್ಲಿಗೆ ನಡೀಬೇಕು, ಯಾರ ಜೊತೆ ಜಗಳ ಆಡಬೇಕು ಅನ್ನೋದರ ಭಾರ ಪ್ರೊಸೆಸರ್ ಮೇಲೆ. 2024ರಲ್ಲಿ ಡ್ರ್ಯಾಗನ್ಸ್ ಡಾಗ್ಮಾ 2 ಬಂದಾಗ ದೊಡ್ಡ ಊರಿನೊಳಗೆ ಹೋದರೆ ಸಾಕು, ದುಬಾರಿ ಕಾರ್ಡು ಇದ್ದವರಿಗೂ ಫ್ರೇಮ್ ಬೀಳ್ತಿತ್ತು. 2023ರ ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ನಗರದಲ್ಲೂ ಪ್ರೊಸೆಸರಿಗೇ ಹೆಚ್ಚು ಕೆಲಸ. ಅಲ್ಲಿ ನೀವು 4ಕೆಯಿಂದ ಫುಲ್ ಎಚ್‌ಡಿಗೆ ಇಳಿದರೂ ದೊಡ್ಡ ಫರಕ್ಕು ಕಾಣಲ್ಲ. ಬಡಿಸುವವರು ಎಷ್ಟು ಚುರುಕಾಗಿದ್ದರೇನು, ಅಡುಗೆ ಭಟ್ಟರ ಕೈಯಿಂದ ಸಾರು ಇಳಿಯಬೇಕಲ್ಲ?

ಫ್ರೇಮುಗಳಾದರೂ ಹೆಚ್ಚಾದಷ್ಟೂ ಒಳ್ಳೇದಾ ಅಂದರೆ, ಅದೂ ಯಾವಾಗಲೂ ಅಲ್ಲ. 2011ರ ಸ್ಕೈರಿಮ್‌ನಲ್ಲಿ ವಸ್ತುಗಳು ಬೀಳುವ, ಉರುಳುವ ಲೆಕ್ಕ ಫ್ರೇಮುಗಳಿಗೇ ಕಟ್ಟಿಕೊಂಡಿತ್ತು. ಮಿತಿ ಕಿತ್ತುಹಾಕಿ 60 ದಾಟಿಸಿದರೆ ಮೇಜಿನ ಮೇಲಿದ್ದ ತಟ್ಟೆ ಲೋಟ ಎಲ್ಲಾ ದೆವ್ವ ಹಿಡಿದ ಹಾಗೆ ಹಾರ್ತಿದ್ದವು! ಡಾರ್ಕ್ ಸೋಲ್ಸ್ 2ರಲ್ಲಿ 60 ಫ್ರೇಮಿನಲ್ಲಿ ಆಡಿದರೆ ಕತ್ತಿ ಬೇಗ ಸವೆದುಹೋಗ್ತಿತ್ತು. 2015ರಲ್ಲಿ ಪ್ಯಾಚ್ ಬಂದು ಸರಿಮಾಡಿದರು.

ಇದಕ್ಕೆ ಎದುರಾಗಿ ಡಯಾಬ್ಲೊ 2 ನೋಡಿ. 2000ದಲ್ಲಿ 640×480ರಲ್ಲಿ ಬಂದದ್ದು, ಮರುವರ್ಷದ ವಿಸ್ತರಣೆಯಲ್ಲಿ 800×600 ಆಯ್ತು. ಅದರ ಒಳಗಿನ ಗಡಿಯಾರ ಸೆಕೆಂಡಿಗೆ 25 ಸಲ ಮಾತ್ರ ಬಡಿಯುತ್ತೆ. 2021ರಲ್ಲಿ ಅದನ್ನೇ 4ಕೆ ವೇಷ ಹಾಕಿ ಹೊಸದಾಗಿ ತಂದರು, ಆದರೆ ಒಳಗಿನ ಗಡಿಯಾರ ಮುಟ್ಟಲಿಲ್ಲ. ಕೀಬೋರ್ಡಿನಲ್ಲಿ ಜಿ ಒತ್ತಿದರೆ ಹೊಸ ಚಿತ್ರ ಹೋಗಿ ಹಳೇ ಚಿತ್ರ ಬರುತ್ತೆ, ಮತ್ತೆ ಒತ್ತಿದರೆ ಹೊಸದು. ಮೊದಲ ಹತ್ತು ನಿಮಿಷ ಅದನ್ನ ಒತ್ತಿ ಒತ್ತಿ ನೋಡಿದೆ. ಆಮೇಲೆ ಕೀಲಿಯನ್ನೇ ಮರೆತೆ. ಆಟ ಹಿಡಿದುಕೊಂಡಿತ್ತು.

ಕನ್ಸೋಲ್ ಕಡೆಯದ್ದೂ ಒಂದು. ವಿಚರ್ 3 2019ರಲ್ಲಿ ನಿಂಟೆಂಡೋ ಸ್ವಿಚ್‌ಗೆ ಬಂತು. ಕೈಯಲ್ಲಿ ಹಿಡಿದು ಆಡುವಾಗ ಹೆಚ್ಚೆಂದರೆ 540ಪಿ, ಟೀವಿಗೆ ಹಾಕಿದರೆ 720ಪಿ. ಕಾಡೆಲ್ಲ ಕಣ್ಣಿಗೆ ಪೊರೆ ಬಂದ ಹಾಗೆ ಮಸುಕು. ಆದರೂ ಬಸ್ಸಿನಲ್ಲಿ ಕೂತು ಇಡೀ ಕತೆ ಮುಗಿಸಿದವರಿದ್ದಾರೆ. ಬ್ಯಾರನ್‌ನ ಸಂಕಟ ಅಲ್ಲೂ ಅಷ್ಟೇ ಇತ್ತು, ಒಂದು ಚುಕ್ಕಿ ಕಮ್ಮಿ ಇರಲಿಲ್ಲ.

ಈಗ ನೀವು ಕೇಳಬಹುದು, "ರೆಸಲ್ಯೂಷನ್ ಬೇಡವೇ ಬೇಡ ಅಂತೀರಾ ಮಾರಾಯ್ರೆ?" ಇಲ್ಲ, ಹಾಗಂದರೆ ಅನ್ಯಾಯ ಆಗುತ್ತೆ. 2012ರಲ್ಲಿ ಡಾರ್ಕ್ ಸೋಲ್ಸ್ ಕಂಪ್ಯೂಟರಿಗೆ ಬಂದಾಗ ಮೆನುವಿನಲ್ಲಿ ಏನೇ ಆರಿಸಿದರೂ ಒಳಗೆ ಬಿಡಿಸ್ತಿದ್ದದ್ದು 1024×720 ಮಾತ್ರ. ಅಭಿಮಾನಿಯೊಬ್ಬರು ಆ ಬೇಲಿ ಮುರಿಯುವ ಮಾಡ್ ಬಿಟ್ಟರು. ಹಾಕಿದ ಕೂಡಲೇ ದೂರದ ಕೋಟೆ, ಕತ್ತಲಲ್ಲಿ ಅಡಗಿ ನಿಂತ ಶತ್ರು ಎಲ್ಲಾ ಕಾಣಿಸ್ತು. ಅದು ನಿಜವಾದ ಲಾಭ. ಅಕ್ಷರಗಳೂ ಅಷ್ಟೇ. ಆರ್‌ಪಿಜಿ ಅಂದರೆ ಅರ್ಧ ಓದು. ಪತ್ರ, ಡೈರಿ, ಪುಸ್ತಕ, ಸಂಭಾಷಣೆ. ಅಕ್ಷರ ಚೂಪಾಗಿದ್ದರೆ ಕಣ್ಣಿಗೆ ಹಿತ.

ಆದರೆ ಇಲ್ಲೂ ಒಂದು ತಮಾಷೆ. ಹಳೇ ಬಾಲ್ಡರ್ಸ್ ಗೇಟಿಗೆ ವೈಡ್‌ಸ್ಕ್ರೀನ್ ಮಾಡ್ ಹಾಕಿ ರೆಸಲ್ಯೂಷನ್ ಏರಿಸಿದೆ. ಭೂಮಿ ಜಾಸ್ತಿ ಕಾಣಿಸ್ತು, ವೀರರೆಲ್ಲ ಇರುವೆಗಳಾದರು, ಅಕ್ಷರ ಸಾಸಿವೆ ಕಾಳು! ನಲವತ್ತೈದು ದಾಟಿದ ನನ್ನ ಕಣ್ಣಿಗೆ ಕನ್ನಡಕ ಹಾಕಿದರೂ ಓದೋಕೆ ಆಗಲಿಲ್ಲ. ಹೊಸ ಆಟಗಳಲ್ಲೂ ಎಷ್ಟೋ ಸಲ ಇದೇ ಗತಿ. ಎಂಬತ್ತು ಲಕ್ಷ ಚುಕ್ಕಿ ಕೊಟ್ಟು ಅಕ್ಷರ ದೊಡ್ಡದು ಮಾಡುವ ಒಂದು ಸೆಟ್ಟಿಂಗ್ ಕೊಡದಿದ್ದರೆ ಆ ಚುಕ್ಕಿ ಯಾರಿಗೆ?

ದೂರದ ಲೆಕ್ಕವನ್ನೂ ಮರೀಬೇಡಿ. 43 ಇಂಚಿನ ಟೀವಿ ಸುಮಾರು 95 ಸೆಂಟಿಮೀಟರ್ ಅಗಲ. ಫುಲ್ ಎಚ್‌ಡಿ ಆದರೆ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್. ಎಂಟು ಅಡಿ ದೂರದಿಂದ ಸಾಮಾನ್ಯ ಆರೋಗ್ಯದ ಕಣ್ಣು ಬೇರೆಬೇರೆಯಾಗಿ ಗುರುತಿಸೋದು ಸುಮಾರು 0.7 ಮಿಲಿಮೀಟರ್ ಅಂತರದ ಚುಕ್ಕಿಗಳನ್ನ. ಅಂದರೆ ಸೋಫಾದಲ್ಲಿ ಕೂತವನಿಗೆ ಫುಲ್ ಎಚ್‌ಡಿಯ ಚುಕ್ಕಿಯೇ ಕಾಣಲ್ಲ. ಇನ್ನು 4ಕೆ ಯಾರ ಸಂತೋಷಕ್ಕೆ?

ಜಾಹೀರಾತಿನವರು ಇದನ್ನ ಹೇಳಲ್ಲ. ಯಾಕಂದ್ರೆ ರೆಸಲ್ಯೂಷನ್ ಡಬ್ಬದ ಮೇಲೆ ಅಚ್ಚು ಹಾಕೋಕೆ ಬರುತ್ತೆ, ತಾಳ ಅಚ್ಚು ಹಾಕೋಕೆ ಬರಲ್ಲ. ಸ್ಕ್ರೀನ್‌ಶಾಟಿನಲ್ಲಿ ಚುಕ್ಕಿ ಕಾಣುತ್ತೆ, ಜರ್ಕ್ ಕಾಣಲ್ಲ. ಈಗಂತೂ 4ಕೆ ಅನ್ನೋದೂ ಪೂರ್ತಿ 4ಕೆ ಅಲ್ಲ. ಎನ್ವಿಡಿಯಾದ ಡಿಎಲ್‌ಎಸ್‌ಎಸ್, 2021ರಿಂದ ಎಎಂಡಿಯ ಎಫ್‌ಎಸ್‌ಆರ್ ಇವೆಲ್ಲ ಕಡಿಮೆ ಚುಕ್ಕಿಯಲ್ಲಿ ಬಿಡಿಸಿ ದೊಡ್ಡದು ಮಾಡುವ ಉಪಾಯಗಳು. ಡಿಎಲ್‌ಎಸ್‌ಎಸ್‌ನ 'ಪರ್ಫಾರ್ಮೆನ್ಸ್' ಆರಿಸಿದರೆ 4ಕೆ ಪರದೆಗೆ ಒಳಗೆ ಬಿಡಿಸೋದು ಫುಲ್ ಎಚ್‌ಡಿ, ಅಂದರೆ ಕಾಲು ಭಾಗ. ನನಗೆ ಅದರ ಮೇಲೆ ಸಿಟ್ಟಿಲ್ಲ, ಒಳ್ಳೇ ಉಪಾಯವೇ. 2022ರಲ್ಲಿ ಬಂದ ಫ್ರೇಮ್ ಜನರೇಷನ್ ಮಾತ್ರ ಎಚ್ಚರದಿಂದ ನೋಡಬೇಕಾದ್ದು. ಎರಡು ನಿಜ ಫ್ರೇಮುಗಳ ನಡುವೆ ಒಂದು ಊಹೆಯ ಫ್ರೇಮ್ ತುರುಕುತ್ತೆ. ಮೀಟರ್ 30ರಿಂದ 60ರ ಹತ್ತಿರಕ್ಕೆ ಓಡುತ್ತೆ, ಆದರೆ ಗುಂಡಿ ಒತ್ತಿದ್ದಕ್ಕೂ ಕತ್ತಿ ಬೀಸಿದ್ದಕ್ಕೂ ನಡುವಿನ ತಡ ಹಾಗೇ ಇರುತ್ತೆ, ಸ್ವಲ್ಪ ಹೆಚ್ಚೇ ಆಗುತ್ತೆ. ಮೀಟರ್ ಜಾಸ್ತಿ ಓಡಿತು ಅಂತ ಖುಷಿಪಡುವ ಪ್ರಯಾಣಿಕ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು :-)

ಸರಿ, ಈಗ ನಾನು ಏನು ಮಾಡ್ತಿದ್ದೇನೆ ಅಂತ ಹೇಳಿ ಮುಗಿಸ್ತೀನಿ. ಆಟದಲ್ಲಿ ಅತಿ ಭಾರದ ಜಾಗ ಯಾವುದೋ, ಅಂದರೆ ಜನ ತುಂಬಿದ ಸಂತೆ, ಮಳೆ ಸುರಿಯೋ ಕಾಡು, ಅಲ್ಲಿಗೆ ಹೋಗಿ ಒಂದೇ ಒಂದು ಸಲ ಮೀಟರ್ ನೋಡ್ತೀನಿ. ಅಲ್ಲಿ ಕುಸಿಯದೆ ನಿಲ್ಲುವ ವೇಗಕ್ಕೆ ಆಟವನ್ನ ಕಟ್ಟಿಹಾಕ್ತೀನಿ, 60 ಆದರೆ 60, 120 ಹರ್ಟ್ಸ್ ಪರದೆ ಇದ್ದರೆ 40 ಕೂಡ ಚೆನ್ನಾಗಿರುತ್ತೆ. ನೆರಳು ಇಳಿಸ್ತೀನಿ, ಮಂಜಿನ ಗುಣಮಟ್ಟ ಇಳಿಸ್ತೀನಿ, ಆಮೇಲೂ ಸಾಲದಿದ್ದರೆ ರೆಸಲ್ಯೂಷನ್ ಇಳಿಸ್ತೀನಿ. ಅಕ್ಷರ ದೊಡ್ಡದು ಮಾಡ್ತೀನಿ. ಕೊನೆಗೆ ಮೀಟರ್ ಆಫ್. ಇಷ್ಟಕ್ಕೆ ಹದಿನೈದು ನಿಮಿಷ ಸಾಕು. ನಾನು ಒಂದು ತಿಂಗಳು ಕಳೆದಿದ್ದೆ!

ನಮ್ಮ ವಯಸ್ಸಿನವರಿಗೆ ರಾತ್ರಿ ಸಿಗೋದೇ ಒಂದು ಗಂಟೆ. ಆಫೀಸು, ಟ್ರಾಫಿಕ್ಕು, ಮಕ್ಕಳ ಹೋಂವರ್ಕು ಎಲ್ಲಾ ಮುಗಿದ ಮೇಲೆ ಉಳಿಯುವ ಒಂದು ಗಂಟೆ. ವಿಚರ್ 3ರಂಥ ಆಟ ನೂರು ಗಂಟೆ ಕೇಳುತ್ತೆ, ಅಂದರೆ ಮೂರು ತಿಂಗಳ ರಾತ್ರಿಗಳು. ಅದರಲ್ಲಿ ಒಂದು ತಿಂಗಳನ್ನ ಮೂಲೆಯ ಹಸಿರು ಅಂಕಿಗೆ ಕೊಟ್ಟವನು ನಾನು. ದುಡ್ಡು ಹೋದದ್ದಕ್ಕಿಂತ ಅದು ಹೆಚ್ಚು ಹೊಟ್ಟೆ ಉರಿಸ್ತು.

ಮೊನ್ನೆ ಭಾನುವಾರ ವೆಲೆನ್‌ಗೆ ಹೋದೆ. ಈ ಸಲ ಕುದುರೆ ಇಳಿದು ಒಳಗೆ ಹೋಗಿ ಬ್ಯಾರನ್ ಎದುರು ಕೂತೆ. ಅವನು ಹೇಳಿದ್ದನ್ನೆಲ್ಲ ಕೇಳಿದೆ, ಏನೂ ತಪ್ಪಿಸಲಿಲ್ಲ. ಕೊನೆಗೆ ನಾನು ಆರಿಸಿದ್ದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ ಮಾಮ, ನಾನೂ ಅದೇ ಮಾಡಿದ್ದು" ಅಂದ. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಅದರಲ್ಲಿ ರೆಸಲ್ಯೂಷನ್ ಅನ್ನೋ ಪದ ಒಂದು ಸಲವೂ ಬರಲಿಲ್ಲ.

ನಿಮಗೇನನ್ನಿಸುತ್ತೆ? 4ಕೆ ಇಲ್ಲದೆ ಆಗಲ್ಲ ಅನ್ನೋರು ಇದ್ದರೆ ಜಗಳಕ್ಕೆ ಬನ್ನಿ, ಕಮೆಂಟು ತೆರೆದೇ ಇದೆ.

ತಾ.ಕ.: ಮಾನಿಟರ್ ವಾಪಸ್ ಕೊಡ್ತೀರಾ ಅಂತ ಕೇಳಬೇಡಿ. ಈ ಕನ್ನಡ ಅಕ್ಷರಗಳು ಅದರಲ್ಲಿ ಎಷ್ಟು ಚೆಂದ ಕಾಣ್ತವೆ ಗೊತ್ತಾ! ಒತ್ತಕ್ಷರದ ಬಾಲ ಕೂಡ ಸ್ಪಷ್ಟ. ಇನ್ನು ಮೇಲಾದರೂ ಬ್ಲಾಗು ಬರೆಯೋಕೆ ನೆಪ ಸಿಕ್ಕಿತು :-)